ಅಡಿಗಲ್ಲಿನ ಅನಂತರ

ಈ ಸಂಚಿಕೆ ಓದುಗರ ಕೈಸೇರುವ ಹೊತ್ತಿಗೆ ನಮ್ಮ ಸಂಘದ ವಾರ್ಷಿಕ ಮಹಾಸಭೆ ಸಮೀಪಿಸಿರುತ್ತದೆ. ಸಭೆಯ ಮುಂದೆ ಬರಲಿರುವ ಸೂಚನೆಗಳಲ್ಲಿ ಒಂದು, ಓದಲೆಂದೋ ಉದ್ಯೋಗ ಅರಸಿಯೋ ಊರಿನಿಂದ ಮುಂಬಯಿಗೆ ಬರುವ ಕನ್ನಡದ ಹುಡುಗ ಹುಡುಗಿಯರಿಗಾಗಿ ವಸತಿ ನಿಲಯವೊಂದನ್ನು ಕಟ್ಟಬೇಕೆಂಬುದು. ಜಾಗದ ಮಾತುಕತೆ ನಡೆದಿದೆ. ದಾನಿಗಳು ಮುಂದೆ ಬಂದಿದ್ದಾರೆ. ಇಂಥ ಸತ್ಕಾರ್ಯಕ್ಕೆ ಯಾರೂ ಅಡ್ಡಿ ಹೇಳಲಾರರು, ನಾನಂತೂ ಹೇಳುವುದಿಲ್ಲ. ಆದರೂ ಒಂದು ಅಳುಕನ್ನು ಸದಸ್ಯರ ಮುಂದಿಡದೆ ಹೋದರೆ ಈ ಕುರ್ಚಿಗೆ ನಾನು ಮಾಡುವ ಅಪಚಾರವಾಗುತ್ತದೆ ಎಂದುಕೊಂಡು ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಪೂರ್ವಭಾವಿ ಸಭೆಯಲ್ಲಿ ನಾನೂ ಇದ್ದೆ. ಎರಡೂವರೆ ಗಂಟೆಯ ಚರ್ಚೆಯಲ್ಲಿ ನಿಲಯಕ್ಕೆ ಯಾರ ಹೆಸರಿಡಬೇಕು, ಅಡಿಗಲ್ಲನ್ನು ಯಾವ ಮಂತ್ರಿಗಳಿಂದ ಇರಿಸಬೇಕು, ಎಷ್ಟು ಕೊಟ್ಟವರ ಹೆಸರನ್ನು ಅಮೃತಶಿಲೆಯ ಫಲಕದಲ್ಲಿ ಕೊರೆಸಬೇಕು ಎಂಬುದೆಲ್ಲ ತೀರ್ಮಾನದ ಅಂಚಿಗೆ ಬಂದಿತು. ಹತ್ತನೆಯ ವರ್ಷದಲ್ಲಿ ನೀರಿನ ತೊಟ್ಟಿಯನ್ನು ಯಾರು ತೊಳೆಸುತ್ತಾರೆ ಎಂದು ನಾನು ಕೇಳಿದಾಗ ಸಭೆ ನಕ್ಕಿತು. ಹಿರಿಯರೊಬ್ಬರು, "ಸಂಪಾದಕರೇ, ಮೊದಲು ತೊಟ್ಟಿ ಕಟ್ಟೋಣ, ಆಮೇಲೆ ತೊಳೆಯೋಣ" ಎಂದರು. ನಾನೂ ನಕ್ಕೆ. ಆದರೆ ಮನೆಗೆ ಮರಳುವ ಲೋಕಲ್ ಗಾಡಿಯಲ್ಲಿ ಆ ನಗೆ ನನ್ನೊಂದಿಗೆ ಉಳಿಯಲಿಲ್ಲ.

ಕಾರಣವಿದೆ. ನಾನು ಈ ನಗರಕ್ಕೆ ಬಂದದ್ದು 1974ರಲ್ಲಿ. ಮೊದಲ ಎಂಟು ತಿಂಗಳು ಹೋಟೆಲೊಂದರ ಹಿಂಬದಿಯ ಕೋಣೆಯಲ್ಲಿ, ಹನ್ನೊಂದು ಮಂದಿಯ ನಡುವೆ, ಚಾಪೆಯ ಪಾಳಿ ಕಾದು ಮಲಗಿದವನು. ಆಮೇಲೆ ನಮ್ಮ ಜನರೇ ನಡೆಸುತ್ತಿದ್ದ ನಿಲಯವೊಂದರಲ್ಲಿ ಮಂಚ ಸಿಕ್ಕಿತು. ಹಗಲು ಗುಮಾಸ್ತಗಿರಿ, ಸಂಜೆ ಕಾಲೇಜು, ರಾತ್ರಿ ಆ ನಿಲಯದ ಅನ್ನ ಸಾರು. ನಾನು ಇಂದು ನಾಲ್ಕಕ್ಷರ ಬರೆಯಬಲ್ಲೆನಾದರೆ ಅದು ಆ ಮಂಚದ ಋಣ. ಆ ನಿಲಯ ಈಗ ಇಲ್ಲ. ಅದನ್ನು ಯಾರೂ ಕಸಿದುಕೊಳ್ಳಲಿಲ್ಲ, ಬೆಂಕಿ ಸುಡಲಿಲ್ಲ. ತಾರಸಿಯಿಂದ ಮಳೆನೀರು ಇಳಿಯುವ ಕೊಳವೆಯೊಂದು ಕಟ್ಟಿಕೊಂಡಿತ್ತು. ಅದನ್ನು ಬಿಡಿಸುವ ಹೊಣೆ ಯಾರದೆಂದು ನಿಶ್ಚಯವಾಗಲಿಲ್ಲ. ನೀರು ನಿಂತಿತು, ಗೋಡೆ ನೆನೆಯಿತು, ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿತು, ಗಾರೆ ಕಳಚಿ ಬಿತ್ತು. ಕೊನೆಗೆ ಕಟ್ಟಡ ಅಪಾಯಕಾರಿ ಎಂಬ ನೋಟೀಸು ಬಾಗಿಲಿಗೆ ಬಂತು. ಕೆಡಹುವ ದಿನ ನೋಡಲು ಹೋಗಿದ್ದೆ. ದಾನಿಗಳ ಹೆಸರಿದ್ದ ಅಮೃತಶಿಲೆ ಮಾತ್ರ ಒಂದು ಬಿರುಕೂ ಇಲ್ಲದೆ ಹೊಳೆಯುತ್ತಿತ್ತು.

2013ರ ಬೇಸಗೆಯಲ್ಲಿ ಮಗಳ ಮನೆಗೆಂದು ಅಮೆರಿಕೆಯ ಮಿಷಿಗನ್ ರಾಜ್ಯಕ್ಕೆ ಹೋಗಿದ್ದಾಗ ಈ ನೆನಪು ಮತ್ತೆ ಎದ್ದುಬಂತು. ಅಲ್ಲಿನ ಆನ್ ಆರ್ಬರ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ, ವಾಷ್ಟೆನಾ ಬೀದಿಯ ಉದ್ದಕ್ಕೂ, ಹಣೆಯ ಮೇಲೆ ಗ್ರೀಕ್ ಅಕ್ಷರಗಳನ್ನು ಹೊತ್ತ ದೊಡ್ಡ ದೊಡ್ಡ ಮನೆಗಳನ್ನು ಕಂಡೆ. ಅವು ಫ್ರಟರ್ನಿಟಿ, ಸೊರೊರಿಟಿ ಎಂದು ಕರೆಯಲ್ಪಡುವ ವಿದ್ಯಾರ್ಥಿಗಳ ಸೋದರ ಸಂಘಗಳ, ಸೋದರಿ ಸಂಘಗಳ ಶಾಖಾ ನಿವಾಸಗಳು. ಹಿಂದಿ ಚಿತ್ರಗಳು ನಮ್ಮ ಕಾಲೇಜುಗಳನ್ನು ತೋರಿಸುವಷ್ಟೇ ಪ್ರಾಮಾಣಿಕವಾಗಿ ಹಾಲಿವುಡ್ಡಿನ ಚಿತ್ರಗಳು ಈ ಮನೆಗಳನ್ನು ತೋರಿಸುತ್ತವೆ. ಆದ್ದರಿಂದ ಕುಡಿತ ಕುಣಿತಗಳ ತಾಣವೆಂಬ ಭಾವನೆಯಷ್ಟೇ ನನಗಿತ್ತು. ಆ ಭಾವನೆ ಪೂರ್ತಿ ಸುಳ್ಳಲ್ಲ. ಆ ಮಾತಿಗೆ ಮುಂದೆ ಬರುತ್ತೇನೆ. ಆದರೆ ಸತ್ಯದ ಇನ್ನೊಂದು ಪಾಲೂ ಇದೆ.

ಅಮೆರಿಕೆಯ ಇಂಥ ಸಂಘಗಳ ಮೂಲವನ್ನು ವರ್ಜೀನಿಯದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ 1776ರಲ್ಲಿ ಹುಟ್ಟಿದ ಫೈ ಬೀಟಾ ಕಾಪ್ಪಾದಲ್ಲಿ ಗುರುತಿಸುತ್ತಾರೆ. ಇಂದಿನ ಅರ್ಥದ ಸೋದರ ಸಂಘಗಳು ಬೆಳೆದದ್ದು 1825ರ ಅನಂತರ, ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಿಂದ. ಮೊದಲಿಗೆ ಇವಕ್ಕೆ ಮನೆಯೇ ಇರಲಿಲ್ಲ. ಯಾರದೋ ಕೋಣೆಯಲ್ಲಿ, ಯಾವುದೋ ಅಂಗಡಿಯ ಅಟ್ಟದಲ್ಲಿ ಸೇರುತ್ತಿದ್ದರು. 1840ರ ದಶಕದಲ್ಲಿ ಇದೇ ಆನ್ ಆರ್ಬರಿನ ಕಾಡಿನಲ್ಲಿ ಕೈ ಸೈ ಎಂಬ ಸಂಘದ ಹುಡುಗರು ಮರದ ದಿಮ್ಮಿಗಳಿಂದ ಕಟ್ಟಿಕೊಂಡ ಗುಡಿಸಲನ್ನು ಮೊಟ್ಟಮೊದಲ ಶಾಖಾ ನಿವಾಸವೆಂದು ಹೇಳುವುದುಂಟು. ಮುಂದಿನ ದಶಕದಲ್ಲಿ ಅಲ್ಲಿನ ಅಧ್ಯಕ್ಷರಾಗಿದ್ದ ಹೆನ್ರಿ ಟ್ಯಾಪನ್ ವಿದ್ಯಾರ್ಥಿಗಳ ಕೊಠಡಿಗಳನ್ನು ತರಗತಿಗಳಿಗಾಗಿ ಬಿಡಿಸಿದರು. ವಸತಿಯ ಹೊಣೆಯನ್ನು ವಿದ್ಯಾಲಯ ಕೈಬಿಟ್ಟ ಕಡೆಗಳಲ್ಲಿ ಆ ಹೊಣೆಯನ್ನು ಸಂಘಗಳು ಹೊತ್ತವು. ಹೆಣ್ಣುಮಕ್ಕಳೂ ಹಿಂದುಳಿಯಲಿಲ್ಲ. ಸಿರಕ್ಯೂಸಿನಲ್ಲಿ 1872ರಲ್ಲಿ ಹುಟ್ಟಿದ ಆಲ್ಫಾ ಫೈ ಎಂಬ ಸಂಘದ ವಿದ್ಯಾರ್ಥಿನಿಯರು 1886ರಲ್ಲಿ ಸ್ವಂತ ಮನೆಯನ್ನೇ ಕಟ್ಟಿಸಿದರು. ಆ ದೇಶದ ಹೆಂಗಸರಿಗೆ ರಾಷ್ಟ್ರಾದ್ಯಂತ ಮತದಾನದ ಹಕ್ಕು ಬಂದದ್ದು 1920ರಲ್ಲಿ ಎಂಬುದನ್ನು ನೆನೆದರೆ ಆ ಇಟ್ಟಿಗೆಗಳ ತೂಕ ತಿಳಿಯುತ್ತದೆ.

ನನ್ನ ಕುತೂಹಲ ಇದ್ದದ್ದು ಇತಿಹಾಸದಲ್ಲಿ ಅಲ್ಲ. ಇಪ್ಪತ್ತು ವರ್ಷದ ಹುಡುಗರು ವಾಸಿಸುವ ಮನೆ ನೂರು ವರ್ಷ ಹೇಗೆ ನಿಲ್ಲುತ್ತದೆ ಎಂಬುದರಲ್ಲಿ. ನಾಲ್ಕು ವರ್ಷಕ್ಕೊಮ್ಮೆ ನಿವಾಸಿಗಳು ಪೂರ್ತಿ ಬದಲಾಗುವ ಮನೆಯದು. ಒಂದು ದಿನ ನಡೆದು ಹೋಗುತ್ತಿದ್ದಾಗ ಅಂಥದೊಂದು ಮನೆಯ ಅಂಗಳದಲ್ಲಿ, ಎಪ್ಪತ್ತು ದಾಟಿದ ಗೃಹಸ್ಥರೊಬ್ಬರು ಏಣಿ ಹಿಡಿದು ನಿಂತಿದ್ದರು. ಮಾತಿಗೆ ಮಾತು ಬೆಳೆಯಿತು. ಅವರು ಅದೇ ಮನೆಯಲ್ಲಿ ಓದಿ ಹೋದವರು, ಈಗ ಅದರ ಖಜಾಂಚಿ. ನಾನು ಸಂಘವೊಂದರ ಪತ್ರಿಕೆಯವನೆಂದು ತಿಳಿದಾಗ ಒಳಗೆ ಕರೆದರು. ಸಭಾಂಗಣವನ್ನಾಗಲಿ, ಗೋಡೆಯ ಮೇಲಿನ ಪದಕಗಳನ್ನಾಗಲಿ ತೋರಿಸಲಿಲ್ಲ. ನೇರವಾಗಿ ನೆಲಮಾಳಿಗೆಗೆ ಇಳಿಸಿ ಮನೆಯನ್ನು ಬಿಸಿಯಾಗಿಡುವ ಬಾಯ್ಲರಿನ ಮುಂದೆ ನಿಲ್ಲಿಸಿದರು. ಪಕ್ಕದಲ್ಲಿ ಮೊಳೆಗೆ ತೂಗುಹಾಕಿದ ಒಂದು ಪುಸ್ತಕ. ಚಾವಣಿಯ ಹೊದಿಕೆ ಯಾವ ವರ್ಷ ಹಾಕಿದ್ದು, ಯಾವ ವರ್ಷ ಬದಲಿಸಬೇಕು, ಬಾಯ್ಲರಿನ ಆಯಸ್ಸು ಎಷ್ಟು, ಕಿಟಕಿ, ಕೊಳಾಯಿ, ವಿದ್ಯುತ್ ತಂತಿ ಎಲ್ಲಕ್ಕೂ ಒಂದೊಂದು ಸಾಲು; ಪ್ರತಿ ಸಾಲಿನ ಎದುರಿಗೆ ಅದಕ್ಕಾಗಿ ಈಗಾಗಲೇ ಕೂಡಿಟ್ಟ ಹಣ. "ಹುಡುಗರು ತಮ್ಮ ಸಂಘ ಈ ಮನೆಯಲ್ಲಿದೆ ಎಂದುಕೊಂಡಿದ್ದಾರೆ, ನಿಜವಾಗಿ ಅದು ಈ ಪುಸ್ತಕದಲ್ಲಿದೆ" ಎಂದು ನಕ್ಕರು.

ಅವರಿಂದ ತಿಳಿದ ವ್ಯವಸ್ಥೆ ಇಷ್ಟು. ಅಲ್ಲಿ ಸಾಮಾನ್ಯವಾಗಿ ಮನೆಯ ಒಡೆತನ ವಿದ್ಯಾರ್ಥಿಗಳದಲ್ಲ. ಓದಿ ಹೊರಬಂದ ಹಳೆಯ ನಿವಾಸಿಗಳು ಸೇರಿ ಕಾನೂನುಬದ್ಧವಾದ ಗೃಹಮಂಡಳಿಯೊಂದನ್ನು ರಚಿಸಿಕೊಳ್ಳುತ್ತಾರೆ. ನೆಲ, ಕಟ್ಟಡ, ಸಾಲ, ವಿಮೆ ಎಲ್ಲ ಅದರ ಹೆಸರಿನಲ್ಲಿ. ಇಂದಿನ ವಿದ್ಯಾರ್ಥಿಗಳ ಶಾಖೆ ಆ ಮಂಡಳಿಗೆ ಬಾಡಿಗೆದಾರ. ಕರಾರು ಬರೆದುಕೊಟ್ಟು, ಬಾಡಿಗೆ ಕೊಟ್ಟು ಇರುತ್ತದೆ. ಮನೆಯಲ್ಲಿ ವಾಸಿಸದ ಸದಸ್ಯರೂ ಪಡಸಾಲೆಯನ್ನು ಬಳಸುವುದಕ್ಕಾಗಿ ಒಂದು ಸಣ್ಣ ಶುಲ್ಕ ಕೊಡುವ ರೂಢಿ ಹಲವೆಡೆ ಇದೆ. ಮಂಚಗಳು ಖಾಲಿ ಬಿದ್ದರೆ ಮನೆ ಉಳಿಯದು. ಆದ್ದರಿಂದ ಇಂತಿಷ್ಟು ಕಾಲ ಮನೆಯಲ್ಲೇ ವಾಸಿಸತಕ್ಕದ್ದೆಂದು ಸದಸ್ಯರಿಗೆ ಕೆಲವು ಸಂಘಗಳು ನಿಯಮ ಮಾಡಿವೆ. ಸೋದರಿ ಸಂಘಗಳ ಮನೆಗಳಲ್ಲಿ ಹಿಂದೆ 'ಮನೆತಾಯಿ' ಎನಿಸಿಕೊಳ್ಳುತ್ತಿದ್ದ, ಈಗ ನಿರ್ದೇಶಕಿ ಎನಿಸಿಕೊಳ್ಳುವ, ಸಂಬಳ ಪಡೆವ ಹಿರಿಯ ಹೆಂಗಸೊಬ್ಬರು ಅಲ್ಲೇ ವಾಸವಿರುತ್ತಾರೆ. ಬೇಸಗೆಯ ರಜೆಯಲ್ಲಿ ಮನೆ ಬರಿದಾದಾಗ ದುರಸ್ತಿ ನಡೆಯುತ್ತದೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ವಾಸಿಸುವವರು ಬೇರೆ, ಒಡೆಯರು ಬೇರೆ, ದಿನನಿತ್ಯ ನೋಡಿಕೊಳ್ಳುವವರು ಬೇರೆ. ಮೂವರ ಹೊಣೆಯೂ ಬರಹದಲ್ಲಿದೆ.

ಇಷ್ಟು ಹೊಗಳಿದ ಮೇಲೆ ಮತ್ತೊಂದು ಪುಟವನ್ನು ಮುಚ್ಚಿಡುವುದು ಪತ್ರಿಕಾಧರ್ಮವಲ್ಲ. 1996ರ ಮೇ 12ರಂದು, ನಾರ್ತ್ ಕ್ಯಾರೊಲಿನದ ಚಾಪೆಲ್ ಹಿಲ್ಲಿನಲ್ಲಿ ಇಂಥ ಮನೆಯೊಂದಕ್ಕೆ ಬೆಂಕಿ ಬಿದ್ದು ಐವರು ವಿದ್ಯಾರ್ಥಿಗಳು ಸತ್ತರು. ಅಂದು ವಿಶ್ವವಿದ್ಯಾಲಯದ ಘಟಿಕೋತ್ಸವದ ದಿನ. ಆ ಮನೆಯಲ್ಲಿ ಬೆಂಕಿ ಹತ್ತಿದಾಗ ತಾನಾಗಿ ನೀರು ಚಿಮ್ಮುವ ಸ್ಪ್ರಿಂಕ್ಲರುಗಳು ಇರಲಿಲ್ಲ. ಅಂಥ ಮನೆಗಳಲ್ಲೆಲ್ಲ ಅವು ಇರಲೇಬೇಕೆಂದು ಊರಿನ ಆಡಳಿತ ವಿಧಿಸಿದ್ದು ಆ ಐವರು ಹೋದ ಮೇಲೆ. ಇನ್ನು ಹೊಸಬರನ್ನು ಸೇರಿಸಿಕೊಳ್ಳುವ ನೆಪದಲ್ಲಿ ನಡೆವ ಹಿಂಸೆ, ನಮ್ಮಲ್ಲಿ ರ‍್ಯಾಗಿಂಗ್ ಎನ್ನುವುದು, ಆ ಮನೆಗಳ ದೊಡ್ಡ ಕಳಂಕ. 2017ರ ಫೆಬ್ರವರಿಯಲ್ಲಿ ಪೆನ್ಸಿಲ್ವೇನಿಯದ ಮನೆಯೊಂದರಲ್ಲಿ, ಬಲವಂತದ ಕುಡಿತದ ಬಳಿಕ ಬಿದ್ದು ಪೆಟ್ಟಾದ ಹುಡುಗನೊಬ್ಬನನ್ನು ಗಂಟೆಗಟ್ಟಲೆ ಆಸ್ಪತ್ರೆಗೆ ಸೇರಿಸದೆ ಬಿಟ್ಟು ಅವನ ಸಾವಿಗೆ ಕಾರಣರಾದರು. ಆ ಬಳಿಕ ಸೋದರ ಸಂಘಗಳ ಒಕ್ಕೂಟ, 2019ರ ಸೆಪ್ಟೆಂಬರ್ ಹೊತ್ತಿಗೆ ಕಟುಮದ್ಯವನ್ನು ಮನೆಗಳಿಂದ ಹೊರಗಿಡಬೇಕೆಂದು ನಿರ್ಣಯಿಸಿತು. 2024ರ ಡಿಸೆಂಬರಿನಲ್ಲಿ ರಾಷ್ಟ್ರಮಟ್ಟದ ಕಾಯಿದೆಯೊಂದು ಬಂದು, ಇಂಥ ಪ್ರಕರಣಗಳನ್ನು ಕಾಲೇಜುಗಳು ಬಹಿರಂಗಪಡಿಸಬೇಕೆಂದು ಕಟ್ಟುಮಾಡಿತು. ವಿಲಿಯಮ್ಸ್ ಕಾಲೇಜು 1962ರಲ್ಲಿ, ಕೋಲ್ಬಿ 1984ರಲ್ಲಿ, ಬೋಡನ್ 1997ರಲ್ಲಿ ಈ ಸಂಘಗಳೇ ಬೇಡವೆಂದು ತೀರ್ಮಾನಿಸಿದವು. ಬಾಯ್ಲರಿನ ಪುಸ್ತಕವನ್ನು ಚೆನ್ನಾಗಿ ಬರೆದಿಟ್ಟ ಮಾತ್ರಕ್ಕೆ ಮನೆ ಒಳ್ಳೆಯದಾಗುವುದಿಲ್ಲ.

ಬಾಗಿಲಿನ ಪ್ರಶ್ನೆಯೂ ಇದೆ. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಹಲವು ಸಂಘಗಳ ನಿಯಮಾವಳಿಗಳಲ್ಲಿ ಕರಿಯರಿಗೂ ಯೆಹೂದಿಗಳಿಗೂ ಪ್ರವೇಶವಿಲ್ಲವೆಂದು ಸ್ಪಷ್ಟವಾಗಿಯೇ ಬರೆದಿತ್ತು. ಹೊರಗೆ ನಿಲ್ಲಿಸಲ್ಪಟ್ಟವರು ಸುಮ್ಮನೆ ಕೂರಲಿಲ್ಲ. 1906ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಏಳು ಮಂದಿ ಕರಿಯ ವಿದ್ಯಾರ್ಥಿಗಳು ಆಲ್ಫಾ ಫೈ ಆಲ್ಫಾವನ್ನು ಕಟ್ಟಿದರು. 1908ರಲ್ಲಿ ಹೊವರ್ಡ್ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳು ಆಲ್ಫಾ ಕಾಪ್ಪಾ ಆಲ್ಫಾವನ್ನು ಕಟ್ಟಿದರು. ಮಾರ್ಟಿನ್ ಲೂಥರ್ ಕಿಂಗ್ ಮೊದಲನೆಯದರ ಸದಸ್ಯರು. ಈ ಸಂಘಗಳ ಬಹುಪಾಲು ಶಾಖೆಗಳಿಗೆ ಇಂದಿಗೂ ಸ್ವಂತ ಮನೆಯಿಲ್ಲ. ಆದರೆ ಓದು ಮುಗಿದು ಮೂವತ್ತು ನಾಲ್ವತ್ತು ವರ್ಷ ಕಳೆದ ಮೇಲೂ ಅವರ ಸದಸ್ಯರು ಊರೂರಿನ ಶಾಖೆಗಳಲ್ಲಿ ಸೇರುತ್ತಾರೆ, ವಿದ್ಯಾರ್ಥಿವೇತನ ಕೊಡುತ್ತಾರೆ, ಮತದಾರರನ್ನು ನೋಂದಾಯಿಸುತ್ತಾರೆ. ಮನೆಯಿಲ್ಲದೆಯೂ ಸೋದರತ್ವ ಬಾಳಬಲ್ಲದು. ಸೋದರತ್ವವಿಲ್ಲದೆ ಮನೆ ಬಾಳಲಾರದು. ಹೊರನಾಡಿನ ಸಂಘಗಳು ತಮ್ಮ ಕಚೇರಿಯ ಗೋಡೆಯ ಮೇಲೆ ಬರೆಸಿಕೊಳ್ಳಬೇಕಾದ ಪಾಠವಿದು.

ದೂರದ ದೇಶದ ಈ ಕತೆ ನಮಗೇಕೆ ಎನ್ನುವವರು ಒಂದಿಷ್ಟು ಹತ್ತಿರ ನೋಡಲಿ. ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು 1901ರಿಂದ ಮೊದಲುಗೊಂಡು ಒಂದೊಂದು ಸಮುದಾಯಕ್ಕೆ ಒಂದೊಂದು ವಿದ್ಯಾರ್ಥಿ ನಿಲಯ ತೆರೆಯಲು ನೆರವಾದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ತಮ್ಮವರಿಂದ ಬಹಿಷ್ಕಾರ ಉಂಡು ದಲಿತರ ಮಕ್ಕಳಿಗೆ ಶಾಲೆಯನ್ನೂ ವಸತಿಯನ್ನೂ ಒದಗಿಸಿದರು. ಕನ್ನಡ ನಾಡಿನ ಹೆಚ್ಚಿನ ಜಾತಿಗಳ ಶೈಕ್ಷಣಿಕ ಏಳಿಗೆ ಆರಂಭವಾದದ್ದು ಸಮುದಾಯದ ಹಾಸ್ಟೆಲುಗಳ ಊಟದ ಪಂಕ್ತಿಯಲ್ಲಿ. ಆ ಋಣವನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಪಂಕ್ತಿಯಲ್ಲಿ ಪಕ್ಕದ ಎಲೆಯವನೂ ನಮ್ಮವನೇ ಆಗಿದ್ದ ಎಂಬುದೇ ಅದರ ಮಿತಿ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು, 2019ರಲ್ಲಿ ಲಿಂಗೈಕ್ಯರಾಗುವವರೆಗೂ, ಎಲ್ಲ ಜಾತಿಯ ಸಾವಿರಾರು ಮಕ್ಕಳಿಗೆ ಒಂದೇ ಒಲೆಯ ಅನ್ನವನ್ನಿಕ್ಕಿ ಆ ಮಿತಿಯನ್ನು ದಾಟಿ ತೋರಿಸಿದರು. ಆ ಒಲೆ ಉರಿದದ್ದು ಒಬ್ಬ ದೊಡ್ಡ ದಾನಿಯ ಫಲಕದಿಂದಲ್ಲ. ಸುಗ್ಗಿ ಸುಗ್ಗಿಗೂ ರೈತರು ತಂದೊಪ್ಪಿಸಿದ ರಾಗಿ, ಕಾಳು, ತೆಂಗಿನಕಾಯಿಗಳಿಂದ.

ಇನ್ನೂ ಹತ್ತಿರ ಬೇಕೆಂದರೆ ಧೋಬಿ ತಲಾವಿಗೆ ಹೋಗಿಬರಬಹುದು. ಅಲ್ಲಿ ಗೋವೆಯ ಹಳ್ಳಿ ಹಳ್ಳಿಗಳ ಹೆಸರಿನ 'ಕೂಡ'ಗಳು, ಅಂದರೆ ಕ್ಲಬ್ಬುಗಳು, ಹತ್ತೊಂಬತ್ತನೆಯ ಶತಮಾನದಿಂದ ನಡೆದುಬಂದಿವೆ. ಹಡಗಿನ ಕೆಲಸಕ್ಕೆ ಬಂದ ಹಳ್ಳಿಯ ಗಂಡಸರಿಗೆ ತಂಗುದಾಣ. ಗೋಡೆಗೆ ಒತ್ತಿಟ್ಟ ಟ್ರಂಕುಗಳು, ಮೂಲೆಯಲ್ಲಿ ಹಳ್ಳಿಯ ಸಂತನ ಪೀಠ, ಸಂಜೆ ಎಲ್ಲರೂ ಕೂಡಿ ಹೇಳುವ ಪ್ರಾರ್ಥನೆ, ತಿಂಗಳಿಗೆ ಒಂದಿಷ್ಟು ವಂತಿಗೆ. ಸರಳವಾದ ವ್ಯವಸ್ಥೆ, ಅದಕ್ಕೇ ಬಾಳಿತು. ಈಗ ಅವುಗಳಲ್ಲಿ ಹಲವು ಮುಚ್ಚಿವೆ. ವಂತಿಗೆ ಅಂದಿನಂತೆಯೇ ಸಣ್ಣದಾಗಿ ಉಳಿದು ಕಟ್ಟಡದ ಖರ್ಚು ಇಂದಿನಂತೆ ಬೆಳೆದರೆ ಆಗುವುದು ಅದೇ.

ಈಗ ನಮ್ಮ ಲೆಕ್ಕಕ್ಕೆ ಬರೋಣ. ಮಹಾರಾಷ್ಟ್ರದ ಸಹಕಾರಿ ಗೃಹ ಸಂಘಗಳ ಮಾದರಿ ಉಪವಿಧಿಗಳು ಕಟ್ಟಡದ ನಿರ್ಮಾಣ ವೆಚ್ಚದ ಶೇ. 0.75ರಷ್ಟನ್ನು ದುರಸ್ತಿ ನಿಧಿಗೂ, ಕನಿಷ್ಠ ಶೇ. 0.25ರಷ್ಟನ್ನು ಮುಂದಿನ ಪುನರ್ನಿರ್ಮಾಣದ ನಿಧಿಗೂ ವರ್ಷ ವರ್ಷ ತೆಗೆದಿಡಲು ಹೇಳುತ್ತವೆ. ಮೂವತ್ತು ವರ್ಷ ದಾಟಿದ ಕಟ್ಟಡಗಳ ಗಟ್ಟಿತನವನ್ನು ತಜ್ಞರಿಂದ ಪರೀಕ್ಷೆ ಮಾಡಿಸುವುದು ಮುಂಬಯಿಯಲ್ಲಿ ಕಡ್ಡಾಯ. ನಮ್ಮದು ಗೃಹ ಸಂಘವಲ್ಲ, ಆದ್ದರಿಂದ ಈ ಉಪವಿಧಿಗಳು ನಮಗೆ ನೇರವಾಗಿ ಅನ್ವಯಿಸಲಾರವು. ಆದರೆ ಮಳೆಗೂ ಕಡಲ ಗಾಳಿಗೂ ಆ ಭೇದ ತಿಳಿಯದು. ನಾಲ್ಕು ಕೋಟಿ ರೂಪಾಯಿಯ ಕಟ್ಟಡವಾದರೆ, ಆ ಅಳತೆಯಲ್ಲಿ ವರ್ಷಕ್ಕೆ ಮೂರು ಲಕ್ಷ ದುರಸ್ತಿಗೆ, ಒಂದು ಲಕ್ಷ ಪುನರ್ನಿರ್ಮಾಣಕ್ಕೆ. ಇದು ಒಂದು ಬಲ್ಬನ್ನು ಉರಿಸುವ ಮೊದಲೇ, ಒಬ್ಬ ಅಡುಗೆಯವರಿಗೆ ಸಂಬಳ ಕೊಡುವ ಮೊದಲೇ, ತೆಗೆದಿಡಬೇಕಾದ ಹಣ. ಅರುವತ್ತು ಮಂದಿ ನಿವಾಸಿಗಳಿದ್ದರೆ ತಲೆಗೆ ವರ್ಷಕ್ಕೆ ಸುಮಾರು 6,700 ರೂಪಾಯಿ. ಅದನ್ನು ಬಡ ವಿದ್ಯಾರ್ಥಿಯ ಮೇಲೆ ಹೇರುವೆವೋ, ಠೇವಣಿಯ ಬಡ್ಡಿಯಿಂದ ತುಂಬುವೆವೋ ಎಂಬುದು ಅಡಿಗಲ್ಲಿಗೆ ಮೊದಲು ತೀರ್ಮಾನವಾಗಬೇಕು.

ಆದ್ದರಿಂದ ಮಹಾಸಭೆಯ ಮುಂದೆ ನನ್ನ ವೈಯಕ್ತಿಕ ಸಲಹೆಗಳನ್ನು ಇಡುತ್ತೇನೆ. ಮೊದಲನೆಯದು, ಸಂಗ್ರಹವಾದ ಪ್ರತಿ ನಾಲ್ಕು ರೂಪಾಯಿಯಲ್ಲಿ ಒಂದನ್ನು ಕಟ್ಟಡಕ್ಕೆ ಬಳಸದೆ ನಿರ್ವಹಣೆಯ ಠೇವಣಿಯಾಗಿ ಇಡಬೇಕು. ಐದಂತಸ್ತು ಕಟ್ಟಲು ಹಣ ಸಾಲದಿದ್ದರೆ ನಾಲ್ಕೇ ಅಂತಸ್ತು ಕಟ್ಟೋಣ. ಎರಡನೆಯದು, ನಿಲಯದ ಆಸ್ತಿಯನ್ನು ಪ್ರತ್ಯೇಕ ನ್ಯಾಸಕ್ಕೆ ವಹಿಸಬೇಕು. ಸಂಘದ ಚುನಾವಣೆಯಲ್ಲಿ ಯಾವ ಗುಂಪು ಗೆದ್ದರೂ ಠೇವಣಿಗೆ ಕೈಹಾಕುವಂತಿರಬಾರದು. ಆ ನ್ಯಾಸದಲ್ಲಿ ಒಬ್ಬ ಎಂಜಿನಿಯರ್, ಒಬ್ಬ ಲೆಕ್ಕಪರಿಶೋಧಕ, ಮುಂದೆ ನಿಲಯದಿಂದಲೇ ಓದಿ ಹೊರಬಂದವರು ಇರಬೇಕು. ಮೂರನೆಯದು, ಬೆಂಕಿಯಿಂದ ಪಾರಾಗುವ ಎರಡನೆಯ ಮೆಟ್ಟಿಲನ್ನೂ ಸ್ಪ್ರಿಂಕ್ಲರುಗಳನ್ನೂ ಖರ್ಚು ಕಡಿತದ ಪಟ್ಟಿಗೆ ಎಂದೂ ಸೇರಿಸಬಾರದು. ನಾಲ್ಕನೆಯದು, ಸಂಬಳ ಪಡೆವ ನಿವಾಸಿ ಮೇಲ್ವಿಚಾರಕರಿರಬೇಕು. 'ಯಾರಾದರೂ ನೋಡಿಕೊಳ್ಳುತ್ತಾರೆ' ಎಂಬ ಹೆಸರಿನ ಮನುಷ್ಯನನ್ನು ಐವತ್ತು ವರ್ಷಗಳಿಂದ ಹುಡುಕುತ್ತಿದ್ದೇನೆ, ಈವರೆಗೆ ಸಿಕ್ಕಿಲ್ಲ.

ಐದನೆಯದು ಹಣದ ಮಾತಲ್ಲ. ಅರ್ಜಿಯಲ್ಲಿ ಜಾತಿಯ ಅಂಕಣ ಇರಕೂಡದು, ಅಡುಗೆಮನೆಯಲ್ಲಿ ಎರಡು ಪಂಕ್ತಿ ಇರಕೂಡದು. ಕಟ್ಟಡದ ಅರ್ಧವನ್ನು ಮೊದಲ ದಿನದಿಂದಲೇ ಹೆಣ್ಣುಮಕ್ಕಳಿಗೆ ಮೀಸಲಿಡಬೇಕು. ಪೂರ್ವಭಾವಿ ಸಭೆಯಲ್ಲಿ "ಹುಡುಗಿಯರದು ಎರಡನೆಯ ಹಂತದಲ್ಲಿ ನೋಡೋಣ" ಎಂಬ ಮಾತು ಬಂತು. ನನ್ನ ಕಾಲದಲ್ಲಿ ಹೋಟೆಲಿನ ಹಿಂದಿನ ಕೋಣೆಯಾದರೂ ಗಂಡು ಹುಡುಗನಿಗೆ ಸಿಗುತ್ತಿತ್ತು. ವಿಜಾಪುರದಿಂದಲೋ ಕುಂದಾಪುರದಿಂದಲೋ ಒಬ್ಬಳೇ ದಾದರಿಗೆ ಬಂದಿಳಿಯುವ ಹುಡುಗಿಗೆ ಅದೂ ಇಲ್ಲ. ಅವಳಿಗೆ ಬಾಗಿಲಿಲ್ಲದ ಮನೆಯನ್ನು ಕನ್ನಡದ ಮನೆ ಎಂದು ಕರೆಯಲು ನನ್ನ ಲೇಖನಿ ಒಪ್ಪದು.

ನಮ್ಮ ಸಂಘದ ಸದಸ್ಯರ ಸರಾಸರಿ ವಯಸ್ಸು ವರ್ಷಕ್ಕೊಂದು ವರ್ಷ ಏರುತ್ತಿದೆ ಎಂಬುದನ್ನು ನಾವು ತಮಾಷೆಯಾಗಿ ಹೇಳಿಕೊಳ್ಳುತ್ತೇವೆ. ನಮ್ಮ ಮಕ್ಕಳು ಡೊಂಬಿವಲಿ, ವಾಶಿ, ಮೀರಾ ರೋಡುಗಳಿಗೆ, ಕೆಲವರು ಸಾಗರದಾಚೆಗೆ ಚದುರಿದ್ದಾರೆ. ಅವರಲ್ಲಿ ಕನ್ನಡ ಓದಬಲ್ಲವರು ಕಡಿಮೆ. ಯಕ್ಷಗಾನಕ್ಕೂ ಕವಿಗೋಷ್ಠಿಗೂ ತುಂಬದ ಕುರ್ಚಿಗಳನ್ನು ನಿಲಯದ ಅರುವತ್ತು ಮಕ್ಕಳು ತುಂಬಿಯಾರು ಎಂಬ ಆಸೆ ನನಗೂ ಇದೆ. ಆದರೆ ಅವರು ನಮ್ಮ ಖಾಲಿ ಕುರ್ಚಿ ತುಂಬಲು ಬರುವವರಲ್ಲ, ತಮ್ಮ ಬದುಕು ಕಟ್ಟಿಕೊಳ್ಳಲು ಬರುವವರು. ಆ ಬದುಕಿನ ಮೂರು ನಾಲ್ಕು ವರ್ಷವನ್ನು ಸೋರದ ಸೂರಿನ ಕೆಳಗೆ ಕಳೆದವರಲ್ಲಿ ಹತ್ತು ಮಂದಿ, ಮುಂದೊಂದು ದಿನ, ತಾವಾಗಿಯೇ ಏಣಿ ಹಿಡಿದು ಬಂದಾರು.

ಪೂರ್ವಭಾವಿ ಸಭೆಯಲ್ಲಿ ನನ್ನನ್ನು ನಗಿಸಿದ ಆ ಹಿರಿಯರು ಮೊನ್ನೆ ದೂರವಾಣಿಯಲ್ಲಿ ಮಾತಾಡಿದರು. ತಮ್ಮ ದೇಣಿಗೆಯನ್ನು ಫಲಕಕ್ಕಲ್ಲ, ನೀರಿನ ತೊಟ್ಟಿಯ ನಿರ್ವಹಣೆಗೆಂದು ಬರೆದುಕೊಳ್ಳಿ ಎಂದರು. ಹೆಸರು ಎಲ್ಲಿ ಹಾಕಿಸೋಣ ಎಂದು ಕೇಳಿದೆ. "ತೊಟ್ಟಿಯ ಒಳಗೆ ಬರೆಸಿಬಿಡಿ, ತೊಳೆಯುವವನಾದರೂ ಓದಿಯಾನು" ಎಂದರು. ನಿರ್ವಹಣಾ ನಿಧಿಯ ಮೊದಲ ರಸೀದಿ ಹೀಗೆ ಹರಿಯಲಿದೆ. ಎರಡನೆಯದು ನನ್ನದು. ಮೂರನೆಯದು ಯಾರದು ಎಂಬುದನ್ನು ಮಹಾಸಭೆಯಲ್ಲಿ ಕೇಳುತ್ತೇನೆ.

- ಸಂಪಾದಕ